ಉಪಾಹಾರ ಗೃಹಗಳ ತಾರಸಿ ತೋಟ

ಉಪಾಹಾರ ಗೃಹಗಳ ತಾರಸಿ ತೋಟ ಎಂದರೆ ಹೋಟೆಲು, ಕೆಫೆ ಮೊದಲಾದ ಆಹಾರ ಮಳಿಗೆಗಳ ತಾರಸಿಯಲ್ಲಿ, ಗ್ರಾಹಕರು ಕುಳಿತು ಊಟ ಮಾಡುವ ಜಾಗದ ಸುತ್ತಮುತ್ತ ಕುಂಡ ಮತ್ತು ತೊಟ್ಟಿಗಳಲ್ಲಿ ಬೆಳೆಸುವ ಗಿಡಗಳ ವ್ಯವಸ್ಥೆ. ಮನೆಯ ತಾರಸಿ ತೋಟದಲ್ಲಿ ಗಿಡ ನೆಟ್ಟವರೇ ಅದರ ಆರೈಕೆಯನ್ನೂ ಮಾಡುತ್ತಾರೆ. ಉಪಾಹಾರ ಗೃಹದಲ್ಲಿ ಇರುವವರು ಅಡುಗೆಯವರು, ಬಡಿಸುವವರು ಮತ್ತು ಲೆಕ್ಕ ನೋಡುವವರು. ಗ್ರಾಹಕರ ದಟ್ಟಣೆ ಹೆಚ್ಚಿದ ದಿನಗಳಲ್ಲಿ ಗಿಡಗಳ ಕಡೆ ನೋಡಲು ಯಾರಿಗೂ ಬಿಡುವಿರುವುದಿಲ್ಲ. ಆದುದರಿಂದ ಇಂತಹ ತೋಟವನ್ನು ಕಡಿಮೆ ನಿರ್ವಹಣೆ ಬೇಡುವಂತೆ ಮೊದಲೇ ವಿನ್ಯಾಸಗೊಳಿಸುವುದು ಅಗತ್ಯ.

ಕಡಿಮೆ ನಿರ್ವಹಣೆ ಎಂಬುದು ಗಿಡದ ಜಾತಿಯೊಂದರಿಂದಲೇ ಬರುವ ಗುಣವಲ್ಲ. ತಾರಸಿಯ ಭಾರ ಹೊರುವ ಶಕ್ತಿ, ಬಿಸಿಲು ಮತ್ತು ಗಾಳಿಯ ದಿಕ್ಕು, ಕುಂಡದ ಗಾತ್ರ, ಮಣ್ಣಿನ ಮಿಶ್ರಣ, ನೀರಿನ ಮೂಲ ಇವೆಲ್ಲ ತೀರ್ಮಾನವಾದ ಮೇಲೆ ಗಿಡದ ಆಯ್ಕೆ ಕೊನೆಯ ಹೆಜ್ಜೆಯಾಗಿ ಬರುತ್ತದೆ. ಈ ಕ್ರಮ ತಲೆಕೆಳಗಾದಾಗ ಎಷ್ಟೇ ಗಟ್ಟಿ ಜಾತಿಯ ಗಿಡವೂ ಬೇಸಿಗೆಯಲ್ಲಿ ಒಣಗುತ್ತದೆ ಅಥವಾ ಮಳೆಗಾಲದಲ್ಲಿ ಬೇರು ಕೊಳೆತು ಸಾಯುತ್ತದೆ. ಈ ಲೇಖನದ ವಿವರಗಳು ಮುಖ್ಯವಾಗಿ ಬೆಂಗಳೂರಿನ ಹವೆಯನ್ನು ಆಧರಿಸಿವೆ. ಇವುಗಳ ಹಿಂದಿನ ತತ್ವಗಳು ದಕ್ಷಿಣ ಒಳನಾಡಿನ ಇತರ ನಗರಗಳಿಗೂ ಅನ್ವಯಿಸುತ್ತವೆ.

## ಹಿನ್ನೆಲೆ

ಬೆಂಗಳೂರಿಗೆ ಉದ್ಯಾನ ನಗರಿ ಎಂಬ ಹೆಸರು ಬರಲು ಅಲ್ಲಿನ ಹಿತವಾದ ಹವೆಯೊಂದಿಗೆ ಉದ್ಯಾನ ಕಲೆಯ ಪರಂಪರೆಯೂ ಕಾರಣ. ಹೈದರಾಲಿಯು ೧೭೬೦ರಲ್ಲಿ ಆರಂಭಿಸಿದ ಲಾಲ್‌ಬಾಗ್ ಉದ್ಯಾನವು ಮುಂದೆ ಹೊರದೇಶಗಳ ಅನೇಕ ಸಸ್ಯಗಳನ್ನು ಇಲ್ಲಿಗೆ ಪರಿಚಯಿಸಿತು. ಅದರ ಸಮೀಪದ ಸಿದ್ದಾಪುರದಲ್ಲಿ ಸಸಿ ಮಾರುವ ನರ್ಸರಿಗಳು ನೆಲೆಗೊಂಡವು.

ಹಳೆಯ ಕಾಲದ ಹೋಟೆಲುಗಳಲ್ಲಿ ಗಿಡಮರಗಳು ಆವರಣದ ನೆಲದಲ್ಲಿಯೇ ಬೆಳೆಯುತ್ತಿದ್ದವು. ನಿವೇಶನಗಳ ಬೆಲೆ ಏರಿದಂತೆ ಆವರಣ ಮಾಯವಾಯಿತು. ಇಂದಿರಾನಗರ, ಕೋರಮಂಗಲ, ಜಯನಗರ ಮೊದಲಾದ ಬಡಾವಣೆಗಳಲ್ಲಿ ವಾಸಕ್ಕೆಂದು ಕಟ್ಟಿದ ಅನೇಕ ಮನೆಗಳು ವಾಣಿಜ್ಯ ಬಳಕೆಗೆ ಬಂದವು. ಸಂಜೆಯ ತಂಪಿನಲ್ಲಿ ಕುಳಿತುಕೊಳ್ಳಲು ತಾರಸಿಯು ಅನುಕೂಲವಾದ ಜಾಗವಾಯಿತು. ನೆಲದಲ್ಲಿ ಬೆಳೆಯುತ್ತಿದ್ದ ಹಸಿರನ್ನು ಕಾಂಕ್ರೀಟಿನ ಮೇಲೆ ಕುಂಡದಲ್ಲಿ ಬೆಳೆಸುವ ಅಗತ್ಯ ಹೀಗೆ ಉಂಟಾಯಿತು. ನೆಲದ ಮರಕ್ಕೆ ಆಳದ ಮಣ್ಣಿನ ತೇವ ತಾನಾಗಿ ದೊರೆಯುತ್ತದೆ. ಕುಂಡದ ಗಿಡಕ್ಕೆ ಮನುಷ್ಯ ಕೊಟ್ಟಷ್ಟೇ ನೀರು, ಕೊಟ್ಟಷ್ಟೇ ಮಣ್ಣು. ತಾರಸಿ ತೋಟದ ಹೆಚ್ಚಿನ ಸಮಸ್ಯೆಗಳ ಮೂಲ ಇದೇ.

## ತಾರಸಿಯ ಪರಿಸರ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದಲ್ಲಿದೆ. ವರ್ಷದ ಮಳೆ ಸರಾಸರಿ ೯೫೦ರಿಂದ ೧೦೦೦ ಮಿಲಿಮೀಟರ್. ಅದರ ಬಹುಪಾಲು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ ಅತ್ಯಲ್ಪ. ಏಪ್ರಿಲ್ ಅತಿ ಬಿಸಿಯ ತಿಂಗಳು, ಆಗ ಹಗಲಿನ ಗರಿಷ್ಠ ಉಷ್ಣತೆ ಸರಾಸರಿ ೩೪ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ನೆಲದ ತೋಟಕ್ಕೆ ಇದು ಕಠಿಣ ಹವೆಯಲ್ಲ. ತಾರಸಿಯ ಸ್ಥಿತಿ ಮೂರು ಕಾರಣಗಳಿಂದ ಬೇರೆಯಾಗುತ್ತದೆ.

ಮೊದಲನೆಯದು ಕಾಂಕ್ರೀಟಿನ ಬಿಸಿ. ಹಗಲೆಲ್ಲ ಕಾದ ಚಪ್ಪಡಿಯು ಸೂರ್ಯ ಮುಳುಗಿದ ಮೇಲೂ ಶಾಖವನ್ನು ಹೊರಸೂಸುತ್ತದೆ. ಕುಂಡದ ತಳ ನೇರವಾಗಿ ಅದರ ಮೇಲೆ ಕುಳಿತಿದ್ದರೆ ಬೇರುಗಳು ಬೇಯುತ್ತವೆ. ಎರಡನೆಯದು ಗಾಳಿ. ಜೂನ್, ಜುಲೈ ತಿಂಗಳುಗಳಲ್ಲಿ ಪಶ್ಚಿಮ ದಿಕ್ಕಿನಿಂದ ಬೀಸುವ ಮುಂಗಾರಿನ ಗಾಳಿ ಎತ್ತರದ ತಾರಸಿಯಲ್ಲಿ ಬಲವಾಗಿರುತ್ತದೆ. ಅದು ಎಲೆಯ ತೇವವನ್ನು ಹೀರುತ್ತದೆ, ತೆಳುವಾದ ಎಲೆಗಳನ್ನು ಸೀಳುತ್ತದೆ, ತಲೆಭಾರದ ಕುಂಡಗಳನ್ನು ಉರುಳಿಸುತ್ತದೆ. ಮೂರನೆಯದು ಉಪಾಹಾರ ಗೃಹದ್ದೇ ಆದ ಬಿಸಿಗಾಳಿ. ಅಡುಗೆಮನೆಯ ಹೊಗೆಕೊಳವೆ ಮತ್ತು ಹವಾನಿಯಂತ್ರಕದ ಹೊರ ಘಟಕ ಸಾಮಾನ್ಯವಾಗಿ ತಾರಸಿಯಲ್ಲಿಯೇ ಇರುತ್ತವೆ. ಹೊಗೆಯ ಜೊತೆ ಬರುವ ಎಣ್ಣೆಯ ಅಂಶ ಎಲೆಗಳ ಮೇಲೆ ಜಿಡ್ಡಾಗಿ ಕುಳಿತು ಧೂಳನ್ನು ಹಿಡಿಯುತ್ತದೆ. ಇವುಗಳನ್ನು ಮರೆಮಾಡಲೆಂದು ಅಲ್ಲಿಯೇ ಗಿಡಗಳನ್ನು ಇಡುವ ರೂಢಿಯಿದೆ. ಆ ಗಿಡಗಳೇ ಎಲ್ಲಕ್ಕಿಂತ ಮೊದಲು ಸಾಯುತ್ತವೆ. ಯಂತ್ರಗಳ ಮರೆಗೆ ಮರದ ಅಥವಾ ಲೋಹದ ಜಾಲರಿಯೇ ಸೂಕ್ತ.

ವಿನ್ಯಾಸಕ್ಕೆ ಮುನ್ನ ಒಂದು ದಿನದಲ್ಲಿ ಬೆಳಗ್ಗೆ, ಮಧ್ಯಾಹ್ನ ಮತ್ತು ಸಂಜೆ ತಾರಸಿಯ ಯಾವ ಭಾಗದಲ್ಲಿ ನೆರಳಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. ಮೆಟ್ಟಿಲಮನೆ, ನೀರಿನ ತೊಟ್ಟಿ ಮತ್ತು ನೆರೆಯ ಕಟ್ಟಡಗಳು ಬೀಳಿಸುವ ನೆರಳಿನಿಂದ ಒಂದೇ ತಾರಸಿಯಲ್ಲಿ ಎರಡು ಮೂರು ಬಗೆಯ ಬೆಳಕಿನ ವಲಯಗಳು ಇರುತ್ತವೆ.

## ಭಾರದ ಲೆಕ್ಕ

ತಾರಸಿ ತೋಟದಲ್ಲಿ ಸೌಂದರ್ಯಕ್ಕಿಂತ ಮೊದಲು ಬರುವ ಪ್ರಶ್ನೆ ಭಾರ. ಕಟ್ಟಡಗಳ ಮೇಲೆ ಬೀಳುವ ಭಾರವನ್ನು ಕುರಿತ ಭಾರತೀಯ ಮಾನಕ ಐಎಸ್ ೮೭೫ರ ಎರಡನೆಯ ಭಾಗದ ಪ್ರಕಾರ, ಜನರು ಓಡಾಡಬಹುದಾದ ಸಮತಟ್ಟು ತಾರಸಿಯನ್ನು ಚದರ ಮೀಟರಿಗೆ ೧.೫ ಕಿಲೋನ್ಯೂಟನ್, ಅಂದರೆ ಸುಮಾರು ೧೫೦ ಕಿಲೋಗ್ರಾಂ ಹೆಚ್ಚುವರಿ ಭಾರಕ್ಕೆ ವಿನ್ಯಾಸಗೊಳಿಸಲಾಗುತ್ತದೆ. ಹೋಟೆಲುಗಳ ಭೋಜನ ಕೊಠಡಿಗೆ ಅದೇ ಮಾನಕ ಸೂಚಿಸುವುದು ಚದರ ಮೀಟರಿಗೆ ೪ ಕಿಲೋನ್ಯೂಟನ್. ವಾಸದ ಮನೆಯ ತಾರಸಿಯನ್ನು ಊಟದ ಜಾಗವಾಗಿ ಮಾರ್ಪಡಿಸಿದಾಗ, ಒಂದು ಕುಂಡವನ್ನೂ ಇಡುವ ಮೊದಲೇ ಆ ಚಪ್ಪಡಿಯ ಮೇಲೆ ಅದರ ಮೂಲ ಲೆಕ್ಕವನ್ನು ಮೀರಿದ ಬೇಡಿಕೆ ಬಿದ್ದಿರಬಹುದು.

ಒದ್ದೆಯಾದ ಸಾಮಾನ್ಯ ತೋಟದ ಮಣ್ಣು ಘನ ಮೀಟರಿಗೆ ೧೬೦೦ರಿಂದ ೨೦೦೦ ಕಿಲೋಗ್ರಾಂ ತೂಗುತ್ತದೆ. ೬೦ ಸೆಂಟಿಮೀಟರ್ ವ್ಯಾಸ, ೬೦ ಸೆಂಟಿಮೀಟರ್ ಎತ್ತರದ ಒಂದು ದುಂಡು ಕುಂಡದಲ್ಲಿ ಸುಮಾರು ೧೭೦ ಲೀಟರ್ ಮಣ್ಣು ಹಿಡಿಯುತ್ತದೆ. ಮಳೆಯಲ್ಲಿ ನೆನೆದಾಗ ಆ ಮಣ್ಣಿನ ತೂಕವೇ ೩೦೦ ಕಿಲೋಗ್ರಾಂಗೆ ಸಮೀಪಿಸುತ್ತದೆ. ಸಿಮೆಂಟಿನ ಕುಂಡವಾದರೆ ಅದರ ತೂಕ ಬೇರೆ. ಇಂತಹ ಒಂದು ಕುಂಡದಿಂದ ಚಪ್ಪಡಿ ಕುಸಿಯುತ್ತದೆ ಎಂದಲ್ಲ. ಆದರೆ ಹತ್ತಾರು ಕುಂಡಗಳನ್ನು ಚಪ್ಪಡಿಯ ನಡುಭಾಗದಲ್ಲಿ ಒತ್ತಾಗಿ ಜೋಡಿಸಿದರೆ, ಅದೇ ಜಾಗದಲ್ಲಿ ಮೇಜು, ಕುರ್ಚಿ ಮತ್ತು ಜನರು ಸೇರಿದರೆ ಅಪಾಯದ ಮಿತಿ ಹತ್ತಿರವಾಗುತ್ತದೆ. ಮಳೆನೀರು ಹೋಗುವ ತೂತು ಎಲೆಗಳಿಂದ ಕಟ್ಟಿಕೊಂಡು ತಾರಸಿಯಲ್ಲಿ ೧೦ ಸೆಂಟಿಮೀಟರ್ ನೀರು ನಿಂತರೆ ಪ್ರತಿ ಚದರ ಮೀಟರಿಗೆ ಇನ್ನೂ ೧೦೦ ಕಿಲೋಗ್ರಾಂ ಸೇರುತ್ತದೆ.

ಈ ಕಾರಣದಿಂದ ತೋಟದ ಕೆಲಸ ಆರಂಭಿಸುವ ಮೊದಲು ಕಟ್ಟಡದ ರಚನಾ ಎಂಜಿನಿಯರರಿಂದ ಪರಿಶೀಲನೆ ಮಾಡಿಸುವುದು ಕಡ್ಡಾಯವೆಂದೇ ಭಾವಿಸಬೇಕು. ಸಾಮಾನ್ಯ ನಿಯಮವಾಗಿ ಭಾರವಾದ ತೊಟ್ಟಿಗಳನ್ನು ಕಂಬಗಳ ನೇರಕ್ಕೆ ಮತ್ತು ತೊಲೆಗಳ ಮೇಲೆ ಇಡಲಾಗುತ್ತದೆ. ಹೊರಗೆ ಚಾಚಿದ ಸಜ್ಜೆ ಅಥವಾ ಬಾಲ್ಕನಿಯ ತುದಿಯಲ್ಲಿ ಭಾರ ಇಡಬಾರದು. ಪ್ಯಾರಾಪೆಟ್ ಗೋಡೆಯ ತಲೆಯ ಮೇಲೆ ಎಷ್ಟೇ ಚಿಕ್ಕ ಕುಂಡವನ್ನೂ ಇಡಕೂಡದು. ಗಾಳಿಗೆ ಜಾರಿ ಕೆಳಗಿನ ರಸ್ತೆಯಲ್ಲಿ ನಡೆಯುವವರ ಮೇಲೆ ಬೀಳುವ ಸಂಭವವಿದೆ.

## ಕುಂಡಗಳು ಮತ್ತು ಮಣ್ಣು

ಅನೇಕ ಚಿಕ್ಕ ಕುಂಡಗಳಿಗಿಂತ ಕೆಲವೇ ದೊಡ್ಡ ತೊಟ್ಟಿಗಳು ಉತ್ತಮ. ೨೦ ಸೆಂಟಿಮೀಟರ್ ಅಳತೆಯ ಹನ್ನೆರಡು ಕುಂಡಗಳಲ್ಲಿರುವ ಒಟ್ಟು ಮಣ್ಣು ಒಂದು ಉದ್ದ ತೊಟ್ಟಿಯಲ್ಲಿಯೂ ಹಿಡಿಯುತ್ತದೆ. ಆದರೆ ಹನ್ನೆರಡು ಕುಂಡಗಳ ಪಕ್ಕಗಳು ಹನ್ನೆರಡು ಕಡೆಯಿಂದ ಬಿಸಿಲಿಗೆ ಕಾಯುತ್ತವೆ, ಹನ್ನೆರಡು ಕಡೆ ನೀರು ಕೊಡಬೇಕಾಗುತ್ತದೆ. ಚಿಕ್ಕ ಕುಂಡವು ಬೇಸಿಗೆಯ ಒಂದೇ ಮಧ್ಯಾಹ್ನದಲ್ಲಿ ಪೂರ್ತಿ ಒಣಗಬಹುದು. ದೊಡ್ಡ ತೊಟ್ಟಿಯು ಒಂದೆರಡು ದಿನ ನೀರು ತಪ್ಪಿದರೂ ಗಿಡವನ್ನು ಉಳಿಸಿಕೊಳ್ಳುತ್ತದೆ. ಭಾರವನ್ನು ಮಿತಿಯಲ್ಲಿಡಲು ತೊಟ್ಟಿಗಳು ಅಗಲವಾಗಿದ್ದು ಆಳ ೩೦ರಿಂದ ೪೦ ಸೆಂಟಿಮೀಟರ್ ಇದ್ದರೆ ಸಾಕು. ಪೊದೆಗಳಿಗೂ ಹುಲ್ಲಿನ ಜಾತಿಗಳಿಗೂ ಇಷ್ಟು ಆಳ ಸಾಲುತ್ತದೆ.

ಜೇಡಿಮಣ್ಣಿನ ಕುಂಡ ನೋಡಲು ಸುಂದರ ಮತ್ತು ಬೇರಿಗೆ ತಂಪು, ಆದರೆ ಅದರ ಗೋಡೆಯ ಮೂಲಕವೂ ನೀರು ಆವಿಯಾಗುತ್ತದೆ. ಸಿಮೆಂಟು ಭಾರ. ತೆಳು ಲೋಹ ಮತ್ತು ಕಪ್ಪು ಪ್ಲಾಸ್ಟಿಕ್ ಬಿಸಿಲಿನಲ್ಲಿ ಬಹಳ ಕಾಯುತ್ತವೆ. ನಾರುಗಾಜಿನಿಂದ ಮಾಡಿದ ತಿಳಿಬಣ್ಣದ ತೊಟ್ಟಿಗಳು ಹಗುರವೂ ಬಾಳಿಕೆ ಬರುವಂಥವೂ ಆಗಿವೆ. ಎಲ್ಲ ತೊಟ್ಟಿಗಳೂ ನೆಲದಿಂದ ೩ರಿಂದ ೫ ಸೆಂಟಿಮೀಟರ್ ಮೇಲೆ ಕಾಲುಗಳ ಮೇಲೆ ನಿಂತಿರಬೇಕು. ಇದರಿಂದ ತಳದಲ್ಲಿ ಗಾಳಿಯಾಡುತ್ತದೆ, ನೀರು ನಿಲ್ಲುವುದಿಲ್ಲ, ತಾರಸಿಯ ಜಲನಿರೋಧಕ ಲೇಪ ಹಾಳಾಗುವುದಿಲ್ಲ, ಕಸ ಗುಡಿಸುವುದೂ ಸುಲಭ.

ಬೆಂಗಳೂರಿನ ಕೆಮ್ಮಣ್ಣನ್ನು ಮಾತ್ರ ತುಂಬಿದರೆ ಅದು ಕುಂಡದಲ್ಲಿ ಗಟ್ಟಿಯಾಗುತ್ತದೆ. ಒಮ್ಮೆ ಒಣಗಿ ಬಿರುಕುಬಿಟ್ಟರೆ ಹಾಕಿದ ನೀರು ಬಿರುಕಿನಲ್ಲಿ ಹರಿದುಹೋಗಿ ಬೇರಿಗೆ ದಕ್ಕುವುದಿಲ್ಲ. ಆದ್ದರಿಂದ ಕೆಮ್ಮಣ್ಣಿನ ಪ್ರಮಾಣವನ್ನು ಮೂರರಲ್ಲಿ ಒಂದು ಭಾಗಕ್ಕೆ ಇಳಿಸಿ, ಉಳಿದ ಭಾಗವನ್ನು ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರದಿಂದ ತುಂಬುವುದು ರೂಢಿ. ಇನ್ನೂ ಹಗುರವಾಗಬೇಕಾದರೆ ಪರ್ಲೈಟ್ ಸೇರಿಸುತ್ತಾರೆ. ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಹಸಿ ಪುಡಿಯಲ್ಲಿ ಲವಣಾಂಶ ಇರುವುದರಿಂದ ತೊಳೆದ ಅಥವಾ ಹುದುಗಿಸಿದ ಪುಡಿಯನ್ನೇ ಬಳಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇಂತಹ ಹುದುಗಿಸಿದ ನಾರಿನ ಪುಡಿಯನ್ನು ‘ಅರ್ಕಾ’ ಹೆಸರಿನಲ್ಲಿ ಅಭಿವೃದ್ಧಿಪಡಿಸಿದೆ.

ಮಣ್ಣಿನ ಮೇಲ್ಮೈಯಲ್ಲಿ ೩ರಿಂದ ೫ ಸೆಂಟಿಮೀಟರ್ ದಪ್ಪದ ಜಲ್ಲಿ ಅಥವಾ ಬೆಣಚುಕಲ್ಲಿನ ಹೊದಿಕೆ ಹಾಕಿದರೆ ನೀರು ಆವಿಯಾಗುವುದು ಕಡಿಮೆಯಾಗುತ್ತದೆ, ಕಳೆ ಹುಟ್ಟುವುದಿಲ್ಲ, ಗಾಳಿಗೆ ಪುಡಿ ಹಾರಿ ತಟ್ಟೆಗಳಲ್ಲಿ ಬೀಳುವುದಿಲ್ಲ. ಇದಕ್ಕೆ ಇನ್ನೊಂದು ಮಹತ್ವದ ಉಪಯೋಗವೂ ಇದೆ. ಒಣಗಿದ ನಾರಿನ ಪುಡಿಯಲ್ಲಿ ಯಾರಾದರೂ ಸಿಗರೇಟಿನ ತುಂಡನ್ನು ಚುಚ್ಚಿದರೆ ಅದು ಹೊಗೆಯಾಡುತ್ತ ಒಳಗೊಳಗೇ ಉರಿಯಬಲ್ಲದು. ಕಲ್ಲಿನ ಹೊದಿಕೆ ಅದನ್ನು ತಡೆಯುತ್ತದೆ.

## ನೀರಿನ ವ್ಯವಸ್ಥೆ

ಉಪಾಹಾರ ಗೃಹದ ತೋಟಗಳು ಹಾಳಾಗಲು ಅತಿ ಸಾಮಾನ್ಯ ಕಾರಣ ನೀರು. ಬೇಸಿಗೆಯಲ್ಲಿ ಅದು ಸಾಲದೆ, ಮಳೆಗಾಲದಲ್ಲಿ ಅತಿಯಾಗಿ ಗಿಡಗಳು ಸಾಯುತ್ತವೆ. ೨೦೨೪ರ ಬೇಸಿಗೆಯಲ್ಲಿ ಬೆಂಗಳೂರು ತೀವ್ರ ನೀರಿನ ಕೊರತೆಯನ್ನು ಎದುರಿಸಿತು. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟ, ವಾಹನ ತೊಳೆಯುವುದು ಮೊದಲಾದ ಕೆಲಸಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ ೫೦೦೦ ರೂಪಾಯಿ ದಂಡ ಗೊತ್ತುಪಡಿಸಿತು. ೨೦೨೫ರ ಫೆಬ್ರುವರಿಯಲ್ಲಿಯೂ ಇಂತಹದೇ ಆದೇಶ ಹೊರಬಂದಿತು. ನಲ್ಲಿಯ ನೀರನ್ನೇ ನಂಬಿದ ತೋಟವು ಅತಿ ಹೆಚ್ಚು ನೀರು ಬೇಕಾದ ತಿಂಗಳಲ್ಲಿಯೇ ನೀರಿಲ್ಲದೆ ನಿಲ್ಲಬೇಕಾಗುತ್ತದೆ ಎಂಬುದು ಇದರಿಂದ ಸ್ಪಷ್ಟ.

ಪರ್ಯಾಯ ಮೂಲಗಳು ಮೂರು. ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರು ಲವಣರಹಿತವಾಗಿದ್ದು ಅಲಂಕಾರಿಕ ಗಿಡಗಳಿಗೆ ಬಳಸಬಹುದು. ಸಾಮಾನ್ಯವಾಗಿ ಬೇಸಿಗೆಯಲ್ಲಿಯೇ ಯಂತ್ರಗಳು ಹೆಚ್ಚು ಓಡುವುದರಿಂದ ಈ ನೀರು ಬೇಕಾದ ಕಾಲದಲ್ಲಿಯೇ ದೊರೆಯುತ್ತದೆ. ಎರಡನೆಯದು ಮಳೆನೀರು. ೧೦೦ ಚದರ ಮೀಟರ್ ತಾರಸಿಯ ಮೇಲೆ ೧೦ ಮಿಲಿಮೀಟರ್ ಮಳೆ ಬಿದ್ದರೆ ೧೦೦೦ ಲೀಟರ್ ನೀರಾಗುತ್ತದೆ. ಇದನ್ನು ಸಂಗ್ರಹಿಸುವ ತೊಟ್ಟಿ ನೆಲದಲ್ಲಿರಬೇಕು, ಏಕೆಂದರೆ ೧೦೦೦ ಲೀಟರ್ ನೀರು ಒಂದು ಟನ್ ಭಾರ. ಮೂರನೆಯದು ಶುದ್ಧೀಕರಿಸಿದ ತ್ಯಾಜ್ಯ ನೀರು. ಇದನ್ನು ಅಲಂಕಾರಿಕ ಗಿಡಗಳ ಬುಡಕ್ಕೆ ಹನಿ ನೀರಾವರಿಯ ಮೂಲಕ ಮಾತ್ರ ಕೊಡಬೇಕು. ಎಲೆಗಳ ಮೇಲೆ ಸಿಂಪಡಿಸಬಾರದು, ಅಡುಗೆಗೆ ಬಳಸುವ ಸೊಪ್ಪಿನ ಗಿಡಗಳಿಗೆ ಹಾಕಬಾರದು. ಪಾತ್ರೆ ತೊಳೆದ ನೀರಿನಲ್ಲಿ ಎಣ್ಣೆ, ಉಪ್ಪು ಮತ್ತು ಸಾಬೂನು ಇರುವುದರಿಂದ ಅದು ಯಾವ ಗಿಡಕ್ಕೂ ತಕ್ಕುದಲ್ಲ.

ನೀರು ಕೊಡಲು ಕಾಲನಿಯಂತ್ರಕ ಅಳವಡಿಸಿದ ಹನಿ ನೀರಾವರಿ ಅತ್ಯುತ್ತಮ. ಒಂದು ಕುಂಡಕ್ಕೆ ಗಂಟೆಗೆ ೨ ಲೀಟರ್ ಹನಿಸುವ ಎರಡು ಹನಿಕೆಗಳನ್ನು ಇಟ್ಟರೆ ಅರ್ಧ ಗಂಟೆಯಲ್ಲಿ ೨ ಲೀಟರ್ ನೀರು ಬುಡಕ್ಕೆ ಸೇರುತ್ತದೆ. ಸೂರ್ಯೋದಯಕ್ಕೆ ಮೊದಲು ನೀರು ಕೊಟ್ಟರೆ ಆವಿಯಾಗುವುದು ಕಡಿಮೆ, ಗ್ರಾಹಕರು ಬರುವ ಹೊತ್ತಿಗೆ ನೆಲವೂ ಒಣಗಿರುತ್ತದೆ. ಸಾಮಾನ್ಯ ಹನಿಕೆಗಳಿಗೆ ಸುಮಾರು ಒಂದು ಬಾರ್ ಒತ್ತಡ ಬೇಕು. ತೊಟ್ಟಿಯ ನೀರಿನ ಮಟ್ಟ ಕುಂಡಕ್ಕಿಂತ ಒಂದು ಮೀಟರ್ ಮಾತ್ರ ಎತ್ತರದಲ್ಲಿದ್ದರೆ ದೊರೆಯುವುದು ಅದರ ಹತ್ತನೆಯ ಒಂದು ಭಾಗ. ಆದ್ದರಿಂದ ಚಿಕ್ಕ ಪಂಪು ಅಥವಾ ಕಡಿಮೆ ಒತ್ತಡದ ಹನಿಕೆ ಬಳಸಬೇಕಾಗುತ್ತದೆ. ಹೆಚ್ಚು ನೀರು ಬೇಕಾದ ಗಿಡಗಳಿಗೆ ಒಂದು ಕೊಳವೆ, ಕಡಿಮೆ ಬೇಕಾದವುಗಳಿಗೆ ಬೇರೊಂದು ಕೊಳವೆ ಇರಬೇಕು. ಒಂದೇ ತೊಟ್ಟಿಯಲ್ಲಿ ಲೋಳೆಸರವನ್ನೂ ಪುದೀನವನ್ನೂ ನೆಟ್ಟರೆ ಎರಡರಲ್ಲಿ ಒಂದು ಖಂಡಿತ ಸಾಯುತ್ತದೆ.

ಕುಂಡದ ಕೆಳಗಿನ ತಟ್ಟೆಗಳಲ್ಲಿ ನಿಲ್ಲುವ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅನುಕೂಲಕರ. ಅದರ ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚನೆಯ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಗಳ ಉತ್ಪತ್ತಿಗೆ ಅವಕಾಶ ಕೊಡುವ ವಾಣಿಜ್ಯ ಸ್ಥಳಗಳಿಗೂ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ತಟ್ಟೆಗಳನ್ನು ಇಡದಿರುವುದೇ ಉತ್ತಮ. ಇಟ್ಟರೆ ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ತೊಳೆಯಬೇಕು.

## ಗಿಡಗಳ ಆಯ್ಕೆ

ಮೇಲಿನ ಅಂಶಗಳು ತೀರ್ಮಾನವಾದ ಮೇಲೆ ಗಿಡವನ್ನು ಆರಿಸಲು ಕೆಲವು ಪ್ರಶ್ನೆಗಳು ಸಾಕು. ಅದು ಎರಡು ಮೂರು ದಿನ ನೀರಿಲ್ಲದೆ ಬದುಕುವುದೇ? ಗಾಳಿಯನ್ನು ತಡೆಯುವುದೇ? ಎಲೆ, ಹೂವು, ಕಾಯಿಗಳನ್ನು ಮೇಜಿನ ಮೇಲೆ ಉದುರಿಸುವುದೇ? ಅದರಲ್ಲಿ ಮುಳ್ಳು ಅಥವಾ ವಿಷವಿದೆಯೇ? ವರ್ಷಕ್ಕೆ ಎಷ್ಟು ಸಲ ಸವರಬೇಕು?

### ಬಿಸಿಲಿನ ಜಾಗಕ್ಕೆ

* ಲಾವಂಚ: ಗಾಳಿಗೆ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಸಾಲಾಗಿ ನೆಟ್ಟರೆ ಗಾಳಿತಡೆಯಾಗುತ್ತದೆ. ವರ್ಷಕ್ಕೊಮ್ಮೆ, ಮುಂಗಾರಿನ ಆರಂಭದಲ್ಲಿ, ಕತ್ತರಿಸಿದರೆ ಸಾಕು. ಒಣಗಿದ ಗರಿಗಳನ್ನು ಬೇಸಿಗೆಯಲ್ಲಿ ತೆಗೆಯಬೇಕು.
* ಮಜ್ಜಿಗೆ ಹುಲ್ಲು: ಲಾವಂಚದಂತೆಯೇ ಗಟ್ಟಿ. ನಿಂಬೆಯ ಪರಿಮಳದ ಗರಿಗಳು ಚಹಾ ಮತ್ತು ಕಷಾಯಕ್ಕೆ ಬರುತ್ತವೆ. ಅಡುಗೆಮನೆಯವರು ಆಗಾಗ ಕೊಯ್ಯುವುದರಿಂದ ಸವರುವ ಕೆಲಸ ತಾನಾಗಿ ಆಗುತ್ತದೆ.
* ದೊಡ್ಡಪತ್ರೆ: ದಪ್ಪ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಅರೆ ನೆರಳಿನಲ್ಲಿಯೂ ಬೆಳೆಯುತ್ತದೆ. ತಂಬುಳಿ ಮತ್ತು ಬಜ್ಜಿಗೆ ಉಪಯುಕ್ತ. ತುಂಡು ನೆಟ್ಟರೂ ಬೇರು ಬಿಡುವುದರಿಂದ ಹೊಸ ಗಿಡ ಕೊಳ್ಳಬೇಕಾಗಿಲ್ಲ.
* ಕಾಗದದ ಹೂ: ದಕ್ಷಿಣ ಅಮೆರಿಕ ಮೂಲದ ಈ ಬಳ್ಳಿ ನೀರು ಕಡಿಮೆಯಾದಾಗಲೇ ಹೆಚ್ಚು ಹೂ ಬಿಡುತ್ತದೆ. ಮುಳ್ಳಿರುವುದರಿಂದ ಮತ್ತು ಬಣ್ಣದ ಪತ್ರಗಳು ಗಾಳಿಗೆ ಹಾರುವುದರಿಂದ ಮೇಜುಗಳಿಂದ ದೂರ, ಗಾಳಿ ಹೊರಕ್ಕೆ ಬೀಸುವ ಬದಿಯಲ್ಲಿ ನೆಡಬೇಕು.
* ಕೇಪಳ: ದಕ್ಷಿಣ ಭಾರತದ್ದೇ ಆದ ಪೊದೆ. ಗಿಡ್ಡ ತಳಿಗಳು ತೊಟ್ಟಿಯಲ್ಲಿ ಚೆನ್ನಾಗಿ ಬೆಳೆದು ವರ್ಷದ ಬಹುಕಾಲ ಹೂ ಬಿಡುತ್ತವೆ. ನಿಯಮಿತವಾಗಿ ಹನಿ ನೀರು ಬೇಕು.
* ಲೋಳೆಸರ: ನೀರು ಅತಿ ಕಡಿಮೆ ಸಾಕು. ಮಳೆಗಾಲದಲ್ಲಿ ನೀರು ನಿಂತರೆ ಕೊಳೆಯುತ್ತದೆ.

### ನೆರಳಿನ ಜಾಗಕ್ಕೆ

ಮೆಟ್ಟಿಲಮನೆಯ ನೆರಳು ಮತ್ತು ಚಾವಣಿ ಹೊದಿಸಿದ ಭಾಗಕ್ಕೆ ಸ್ಪೈಡರ್ ಪ್ಲಾಂಟ್, ಸ್ನೇಕ್ ಪ್ಲಾಂಟ್ ಮತ್ತು ಆಸ್ಪರಾಗಸ್ ಜಾತಿಯ ಗಿಡಗಳು ಹೊಂದುತ್ತವೆ. ಸ್ನೇಕ್ ಪ್ಲಾಂಟಿನ ಎಲೆ ತಿನ್ನಲು ಯೋಗ್ಯವಲ್ಲವಾದ್ದರಿಂದ ಮಕ್ಕಳ ಕೈಗೆ ಎಟುಕದಂತೆ ಎತ್ತರದ ತೊಟ್ಟಿಯಲ್ಲಿ ಇಡುವುದು ಒಳಿತು. ಎರಡು ವಾರ ನೀರು ಮರೆತರೂ ಅದು ಬದುಕುತ್ತದೆ, ದಿನವೂ ನೀರು ಹಾಕಿದರೆ ಸಾಯುತ್ತದೆ.

### ಸಂಜೆಯ ನೋಟ

ತಾರಸಿಯ ಊಟದ ವ್ಯಾಪಾರ ಹೆಚ್ಚಾಗಿ ಸೂರ್ಯಾಸ್ತದ ಅನಂತರ ನಡೆಯುತ್ತದೆ. ಪೋರ್ಚುಲಾಕದ ಹೂವುಗಳು ಬಿಸಿಲಿನಲ್ಲಿ ಅರಳಿ ಮಧ್ಯಾಹ್ನದ ಮೇಲೆ ಮುಚ್ಚಿಕೊಳ್ಳುತ್ತವೆ. ರಾತ್ರಿಯ ಗ್ರಾಹಕರು ಅವುಗಳನ್ನು ಕಾಣುವುದೇ ಇಲ್ಲ. ಕಡುಗೆಂಪು ಹೂಗಳು ಮಂದ ಬೆಳಕಿನಲ್ಲಿ ಕಪ್ಪಾಗಿ ತೋರುತ್ತವೆ. ಬಿಳಿ ಹೂವು ಮತ್ತು ಬಿಳಿ ಪಟ್ಟೆಯ ಎಲೆಗಳು ಮಾತ್ರ ದೀಪದಲ್ಲಿ ಎದ್ದು ಕಾಣುತ್ತವೆ. ಹಿಂದಿನ ಸಾಲಿಗೆ ನಂದಿಬಟ್ಟಲು ಇದಕ್ಕೆ ಒಳ್ಳೆಯದು. ಅದರ ಕೊಂಬೆ ಮುರಿದರೆ ಹಾಲು ಸುರಿಯುವುದರಿಂದ ಮೇಜಿನ ಪಕ್ಕಕ್ಕೆ ಬೇಡ. ರಾತ್ರಿರಾಣಿಯಂತಹ ತೀವ್ರ ಪರಿಮಳದ ಗಿಡಗಳು ಊಟದ ವಾಸನೆಯನ್ನು ಮರೆಸುವುದರಿಂದ ಸೂಕ್ತವಲ್ಲ.

### ಬೇಡದ ಗಿಡಗಳು

ಕಡಿಮೆ ಆರೈಕೆಯ ಗಿಡಗಳ ಪಟ್ಟಿಗಳಲ್ಲಿ ಕಣಗಿಲೆ ಸಾಮಾನ್ಯವಾಗಿ ಮೊದಲಿಗೆ ಬರುತ್ತದೆ. ಹೆದ್ದಾರಿಗಳ ನಡುವೆ ನೀರಿಲ್ಲದೆಯೂ ಅದು ಹೂ ಬಿಡುತ್ತದೆ ಎಂಬುದು ನಿಜ. ಆದರೆ ಅದರ ಬೇರು, ಎಲೆ, ಹೂವು ಎಲ್ಲವೂ ಹೃದಯದ ಮೇಲೆ ಪರಿಣಾಮ ಬೀರುವ ವಿಷವನ್ನು ಹೊಂದಿವೆ. ೨೦೨೪ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿಯು ತನ್ನ ದೇವಾಲಯಗಳ ನೈವೇದ್ಯ ಮತ್ತು ಪ್ರಸಾದದಲ್ಲಿ ಈ ಹೂವನ್ನು ಬಳಸುವುದನ್ನು ನಿಲ್ಲಿಸಿತು. ಊಟದ ತಟ್ಟೆಯನ್ನು ಹೂವಿನಿಂದ ಅಲಂಕರಿಸುವ ರೂಢಿಯಿರುವ ಕಡೆ, ಕೈಗೆಟಕುವಲ್ಲಿ ಕಣಗಿಲೆ ಇರುವುದು ಅಪಾಯಕರ. ಹಳದಿ ಕಣಗಿಲೆ, ದತ್ತೂರಿ, ಅಡೀನಿಯಂ ಇವೂ ಇದೇ ಕಾರಣಕ್ಕೆ ವರ್ಜ್ಯ. ಡೈಫೆನ್‌ಬ್ಯಾಕಿಯಾದ ಎಲೆಯನ್ನು ಮಕ್ಕಳು ಕಚ್ಚಿದರೆ ಅದರಲ್ಲಿರುವ ಸೂಜಿಯಂತಹ ಹರಳುಗಳು ಬಾಯಿ, ನಾಲಗೆಗಳನ್ನು ಊದಿಸುತ್ತವೆ.

ಗುಲಾಬಿ ಮತ್ತು ದಾಸವಾಳ ವಿಷಕಾರಿಯಲ್ಲದಿದ್ದರೂ ಹಿಟ್ಟುತಿಗಣೆ, ಸಸ್ಯಹೇನುಗಳಿಗೆ ಬೇಗ ತುತ್ತಾಗುತ್ತವೆ. ಆಹಾರದ ಸಮೀಪ ಔಷಧ ಸಿಂಪಡಿಸುವುದು ಕಷ್ಟವಾದ್ದರಿಂದ ಇವು ನಿರ್ವಹಣೆಯ ಹೊರೆಯನ್ನು ಹೆಚ್ಚಿಸುತ್ತವೆ. ಭೂತಾಳೆಯ ಎಲೆಯ ತುದಿಯ ಮುಳ್ಳು ಕುಳಿತವರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬಿದಿರು ಕುಂಡದಲ್ಲಿ ಬಹಳ ನೀರು ಕುಡಿದು ವರ್ಷವಿಡೀ ಎಲೆ ಉದುರಿಸುತ್ತದೆ. ಆಲ, ಅಶ್ವತ್ಥದ ಜಾತಿಗಳ ಬೇರು ಕಟ್ಟಡಕ್ಕೆ ಹಾನಿಕರ. ಹಕ್ಕಿಗಳ ಹಿಕ್ಕೆಯಿಂದ ಗೋಡೆಯ ಬಿರುಕಿನಲ್ಲಿ ತಾನಾಗಿ ಹುಟ್ಟುವ ಅಶ್ವತ್ಥದ ಸಸಿಯನ್ನು ಎರಡೆಲೆ ಇರುವಾಗಲೇ ಕೀಳಬೇಕು.

ಕೃತಕ ಗಿಡಗಳಿಗೆ ನೀರು ಬೇಡವಾದರೂ ಬಿಸಿಲಿನಲ್ಲಿ ಬಣ್ಣ ಕಳೆದುಕೊಳ್ಳುತ್ತವೆ, ಅಡುಗೆಯ ಜಿಡ್ಡು ಹಿಡಿಯುತ್ತವೆ, ಬೆಂಕಿ ತಗಲಿದರೆ ವೇಗವಾಗಿ ಉರಿಯುತ್ತವೆ.

## ಜೋಡಣೆ ಮತ್ತು ಸುರಕ್ಷತೆ

೨೦೧೭ರ ಡಿಸೆಂಬರ್ ೨೯ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ತಾರಸಿ ಉಪಾಹಾರ ಗೃಹಗಳಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ೧೪ ಮಂದಿ ಮೃತಪಟ್ಟರು. ತಾರಸಿಯಿಂದ ಹೊರಬರುವ ದಾರಿ ಮತ್ತು ಅಲ್ಲಿ ಬಳಸುವ ಸಾಮಗ್ರಿಗಳ ಬಗ್ಗೆ ದೇಶದಾದ್ಯಂತ ಪ್ರಶ್ನೆಗಳು ಎದ್ದದ್ದು ಆಗ. ತೋಟದ ವಿನ್ಯಾಸಕ್ಕೂ ಇದರ ಪಾಠ ಅನ್ವಯಿಸುತ್ತದೆ. ಹೊರಹೋಗುವ ಬಾಗಿಲು, ಮೆಟ್ಟಿಲು, ಅಗ್ನಿಶಾಮಕ ಸಾಧನಗಳ ಮುಂದೆ ಕುಂಡ ಇಡಬಾರದು. ದೊಡ್ಡ ತೊಟ್ಟಿಗಳನ್ನು ದಾರಿಯ ಅಂಚನ್ನು ಸೂಚಿಸುವಂತೆ ಇಟ್ಟರೆ, ಕತ್ತಲಲ್ಲಿಯೂ ಜನರಿಗೆ ದಾರಿ ಗೊತ್ತಾಗುತ್ತದೆ. ಸುಲಭವಾಗಿ ಸರಿಸಬಹುದಾದ ಚಿಕ್ಕ ಕುಂಡಗಳು ದಿನದಿಂದ ದಿನಕ್ಕೆ ದಾರಿಯೊಳಕ್ಕೆ ಸರಿಯುತ್ತವೆ. ಇದು ಅವುಗಳನ್ನು ಬಿಡಲು ಇನ್ನೊಂದು ಕಾರಣ. ಒಣ ಹುಲ್ಲಿನ ಜಾತಿಗಳನ್ನು ತಂದೂರಿ ಒಲೆ ಮತ್ತು ಅನಿಲ ಶಾಖಕಗಳಿಂದ ದೂರವಿಡಬೇಕು.

ಗ್ರಾಹಕರು ಕುಡಿದುಳಿದ ಪಾನೀಯವನ್ನು ಕೈಯಳತೆಯ ಕುಂಡಕ್ಕೆ ಸುರಿಯುವುದುಂಟು. ಉಪ್ಪು, ಸಕ್ಕರೆಗಳಿಂದ ಇರುವೆಗಳು ಬರುತ್ತವೆ, ಇರುವೆಗಳ ಹಿಂದೆ ಹ��ಟ್ಟುತಿಗಣೆ ಬರುತ್ತದೆ. ತೊಟ್ಟಿಯ ಅಂಚು ಮೇಜಿನ ಮಟ್ಟಕ್ಕಿಂತ ಸ್ವಲ್ಪ ಮೇಲಿದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

## ವರ್ಷದ ಕೆಲಸಗಳು

ಒಳ್ಳೆಯ ವಿನ್ಯಾಸವು ಕೆಲಸವನ್ನು ಇಲ್ಲವಾಗಿಸುವುದಿಲ್ಲ. ಅದನ್ನು ದಿನದ ಕೆಲಸದಿಂದ ವಾರದ ಮತ್ತು ಋತುವಿನ ಕೆಲಸವಾಗಿ ಬದಲಾಯಿಸುತ್ತದೆ. ವಾರಕ್ಕೊಮ್ಮೆ ಒಬ್ಬ ನಿಯತ ವ್ಯಕ್ತಿಯು ಹನಿಕೆಗಳು ಕಟ್ಟಿಕೊಂಡಿಲ್ಲವೆಂಬುದನ್ನು ನೋಡಿ, ಒಣ ಎಲೆಗಳನ್ನು ತೆಗೆದು, ನೀರುಹೋಕು ತೂತುಗಳನ್ನು ಬಿಡಿಸಬೇಕು. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ ಎಂಬಂತಾಗಬಾರದು.

* ಜನವರಿ–ಫೆಬ್ರುವರಿ: ಹನಿ ನೀರಾವರಿಯ ಪೂರ್ಣ ತಪಾಸಣೆ, ಕಲ್ಲಿನ ಹೊದಿಕೆಯ ದುರಸ್ತಿ.
* ಮಾರ್ಚ್–ಮೇ: ಹೊಸ ಗಿಡ ನೆಡುವುದಾಗಲಿ ಕುಂಡ ಬದಲಾಯಿಸುವುದಾಗಲಿ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯೊಂದಿಗೆ ಬರುವ ಬಿರುಗಾಳಿಗೆ ಎತ್ತರದ ಗಿಡಗಳನ್ನು ಕಟ್ಟಿ ಭದ್ರಪಡಿಸಬೇಕು.
* ಜೂನ್–ಜುಲೈ: ನೆಡಲು, ಸವರಲು ಸಕಾಲ. ಮಳೆಯನ್ನು ನೋಡಿ ಕಾಲನಿಯಂತ್ರಕದ ಅವಧಿಯನ್ನು ಇಳಿಸಬೇಕು.
* ಆಗಸ್ಟ್–ಅಕ್ಟೋಬರ್: ಬೇರು ಕೊಳೆಯುವಿಕೆ ಮತ್ತು ಸೊಳ್ಳೆಗಳ ಬಗ್ಗೆ ಎಚ್ಚರ.
* ನವೆಂಬರ್–ಡಿಸೆಂಬರ್: ಮಳೆ ನಿಂತ ಮೇಲೆ ಎರೆಗೊಬ್ಬರ ಹಾಕಿ, ನೀರಿನ ಅವಧಿಯನ್ನು ಮತ್ತೆ ಏರಿಸಬೇಕು.

ಕೀಟ ಕಂಡುಬಂದರೆ ಮೊದಲು ನೀರಿನ ಬಿರುಸಾದ ಧಾರೆಯಿಂದ ತೊಳೆಯುವುದು, ಅನಂತರ ಬೇವಿನ ಎಣ್ಣೆಯನ್ನು ಸಾಬೂನಿನ ದ್ರಾವಣದಲ್ಲಿ ಬೆರೆಸಿ ಬಳಸುವುದು ಸಾಮಾನ್ಯ ಕ್ರಮ. ಇದನ್ನು ವಾರದ ರಜೆಯ ದಿನ ಮಾತ್ರ ಮಾಡಬೇಕು. ಅಡುಗೆಗೆ ಬಳಸುವ ಗಿಡಗಳನ್ನು ಅಲಂಕಾರಿಕ ಗಿಡಗಳಿಂದ ಬೇರೆಯಾಗಿಯೇ ಬೆಳೆಸಬೇಕು.

ನರ್ಸರಿಯಲ್ಲಿ ನೆರಳುಪರದೆಯ ಕೆಳಗೆ ಬೆಳೆದ ಸಸಿಗಳನ್ನು ತಂದ ದಿನವೇ ತಾರಸಿಯ ಬಿಸಿಲಿಗೆ ಇಟ್ಟರೆ ಎಲೆಗಳು ಸುಡುತ್ತವೆ. ಒಂದೆರಡು ವಾರ ಅರೆ ನೆರಳಿನಲ್ಲಿಟ್ಟು ಕ್ರಮೇಣ ಬಿಸಿಲಿಗೆ ಒಗ್ಗಿಸಬೇಕು. ಉದ್ಘಾಟನೆಯ ಹಿಂದಿನ ದಿನ ಗಿಡ ತರುವ ರೂಢಿಯಿಂದಲೇ ಅನೇಕ ತಾರಸಿ ತೋಟಗಳು ಮೊದಲ ತಿಂಗಳಲ್ಲಿ ಒಣಗುತ್ತವೆ.

## ಇವನ್ನೂ ನೋಡಿ

* ತಾರಸಿ ತೋಟ
* ಹನಿ ನೀರಾವರಿ
* ಮಳೆನೀರು ಕೊಯ್ಲು
* ಲಾಲ್‌ಬಾಗ್
* ಲಾವಂಚ
* ದೊಡ್ಡಪತ್ರೆ